ಬಿದ್ದ ಕೈ

ತಂದೆಯ ಹಲ್ಲು ತಾಗಿ ಗಾಯವಾದ ಹೆಬ್ಬೆರಳಿನಿಂದ ಪೆನ್ನು ಹಿಡಿಯುವುದು ಕಷ್ಟ ಎಂಬುದು ಗೌರೀಶಂಕರನಿಗೆ ಗೊತ್ತಾದದ್ದು ಜಯನಗರದ ಆ ನರ್ಸಿಂಗ್ ಹೋಮಿನ ಬೆತ್ತದ ಕುರ್ಚಿಯಲ್ಲಿ ಕೂತು, ಸೈಕ್ಲೋಸ್ಟೈಲ್ ಮಾಡಿದ ಫಾರಮ್ಮಿನ ಮೊದಲನೆಯ ಪ್ರಶ್ನೆಗೆ ಉತ್ತರ ಬರೆಯಲು ಹೊರಟಾಗ. ಒಟ್ಟು ಮೂವತ್ತೆರಡು ಪ್ರಶ್ನೆಗಳು. ಬಾಯಲ್ಲಿ ಹಲ್ಲೆಷ್ಟೋ ಅಷ್ಟು ಎಂದು ಮನಸ್ಸು ತನ್ನ ಹಳೆಯ ಚಾಳಿಯಂತೆ ತಮಾಷೆ ಮಾಡಿತು. ಮರುಕ್ಷಣವೇ, ಅಪ್ಪನ ಬಾಯಲ್ಲಿ ಈಗ ಅಷ್ಟಿಲ್ಲ, ಮೊನ್ನೆ ಇನ್ನೊಂದು ಹೋಯಿತು ಎಂದು ತಿದ್ದಿತು. ಎದುರಿಗೆ ಕೂತಿದ್ದ ಡಾಕ್ಟರ್ ರಾಮಪ್ರಸಾದ, ಈ ನರ್ಸಿಂಗ್ ಹೋಮಿನ ಮಾಲೀಕರು, ಕಾಫಿ ಲೋಟವನ್ನು ತಟ್ಟೆಯ ಸಮೇತ ಮುಂದಕ್ಕೆ ತಳ್ಳುತ್ತ, "ಬೆರಳಿಗೇನಾಯ್ತು ಸಾರ್?" ಎಂದರು. "ಬಾಗಿಲಿಗೆ ಸಿಕ್ಕಿಕೊಳ್ತು." "ಕಬ್ಬಿಣದ್ದಾ, ಮರದ್ದಾ? ಕಬ್ಬಿಣ ಆದ್ರೆ ಒಂದು ಟಿ.ಟಿ. ಕೊಟ್ಬಿಡ್ತೀನಿ. ಚುಚ್ಚಿದ್ದೇ ಗೊತ್ತಾಗಲ್ಲ." "ಮರದ್ದೇ ಡಾಕ್ಟ್ರೇ. ಹಳೇ ಮರ." ಡಾಕ್ಟರು ಪ್ರತಿ ಮಾತಿನ ಕೊನೆಗೂ ಮೂಗಿನಿಂದ ಒಂದು ಸಣ್ಣ 'ಹ್ಞುಂ' ಬಿಡುತ್ತಿದ್ದರು. ನಾಳೆ ಕಾರ್ಖಾನೆಯ ಸೆಕ್ಷನ್ನಿನಲ್ಲಿ ಇವರ ಅಣಕು ಮಾಡಿ ತೋರಿಸಬೇಕು ಎಂದು ಗೌರೀಶಂಕರನ ಗಂಟಲು ಆಗಲೇ ಒಳಗೊಳಗೇ ಆ ಹ್ಞುಂಕಾರದ ಅಳತೆ ತೆಗೆದುಕೊಳ್ಳತೊಡಗಿತು.

ಕಾರ್ಖಾನೆಯ ಕ್ಷೇಮಾಭಿವೃದ್ಧಿ ವಿಭಾಗದಲ್ಲಿ ಅವನಿಗೆ ಹದಿಮೂರು ವರ್ಷದ ಸರ್ವೀಸು. ಅದನ್ನು ಕ್ಷಾಮಾಭಿವೃದ್ಧಿ ವಿಭಾಗ ಎಂದು ಮೊದಲು ಕರೆದವನೂ ಅವನೇ. ಕ್ಯಾಂಟೀನಿನ ಸಾಂಬಾರಿನಲ್ಲಿ ಬೇಳೆ ಇದೆಯೇ, ಕ್ವಾರ್ಟರ್ಸಿನ ನಲ್ಲಿಯಲ್ಲಿ ನೀರಿದೆಯೇ ಎಂದು ನೋಡಿ ಬರೆಯುತ್ತಿದ್ದವನು ಈಗ ನರ್ಸಿಂಗ್ ಹೋಮಿನಲ್ಲಿ ಆರೈಕೆ ಇದೆಯೇ ಎಂದು ನೋಡಲು ಬಂದಿದ್ದ. ಅವನು 'ಶಿಫಾರಸು ಮಾಡಲಾಗಿದೆ' ಎಂದು ಸಹಿ ಹಾಕಿದರೆ ಕಾರ್ಖಾನೆಯ ನೌಕರರೂ ಅವರ ಅವಲಂಬಿತ ತಂದೆತಾಯಿಗಳೂ ಕಾರ್ಖಾನೆಯ ಖರ್ಚಿನಲ್ಲಿ ಎಷ್ಟು ಕಾಲ ಬೇಕಾದರೂ ಇಲ್ಲಿ ಮಲಗಬಹುದು. "ನರಸಿಂಗ ಹೋಮ ಅಂದ್ರೆ ಏನು ಗೊತ್ತೇನ್ರಯ್ಯಾ? ನರರನ್ನ ಸಿಗಿದು ಹಾಕಿ ಮಾಡೋ ಹೋಮ" ಎಂದು ಸೆಕ್ಷನ್ನಿನವರನ್ನು ನಗಿಸಿ, ಆ ನಗು ಮುಗಿಯುವುದರೊಳಗೆ ಫೈಲನ್ನು ತಾನೇ ಕೇಳಿ ತೆಗೆದುಕೊಂಡಿದ್ದ. ಇನ್ನೊಂದು ತಿಂಗಳು ಅಪ್ಪ ಮನೆಯಲ್ಲಿದ್ದರೆ ತಾನು ಅವರನ್ನು ಕೊಂದುಬಿಡುತ್ತೇನೆ ಎಂಬುದು ಅವನಿಗೆ ಗೊತ್ತಿತ್ತು. ಸಿಟ್ಟಿನಲ್ಲಿ ಜನ ಆಡುವ ಮಾತಲ್ಲ ಅದು. ಬನಶಂಕರಿಯಲ್ಲಿ ಬಸ್ಸು ಹತ್ತುವಾಗ, ಷೇವ್ ಮಾಡಿಕೊಳ್ಳುವಾಗ, ಸಾವಕಾಶವಾಗಿ, ದಿಂಬಿನ ತೂಕದ ಸಮೇತ ಅವನಿಗೆ ಕಾಣಿಸುತ್ತಿದ್ದ ವಿಷಯ.

ಅಪ್ಪ, ಅಂದರೆ ಮರುಳಸಿದ್ದಪ್ಪನವರು, ತಿಪಟೂರಿನ ಕಡೆ ಒಂದು ಹಾಸ್ಟೆಲ್ಲಿನ ವಾರ್ಡನ್ ಆಗಿದ್ದವರು. ಹುಡುಗರ ಅಂಗೈಗೆ ಬೆತ್ತದಿಂದ ಬಾರಿಸಿ, ಪ್ರತಿ ಏಟಿಗೂ "ಶರಣು" ಅನ್ನಿಸುತ್ತಿದ್ದರು. ಅನ್ನದಿದ್ದರೆ ಆ ಏಟು ಎಣಿಕೆಗೆ ಸೇರುತ್ತಿರಲಿಲ್ಲ. ಮಗನಿಗೆ ಉಳಿದವರಿಗಿಂತ ಎರಡು ಹೆಚ್ಚು, ಪಕ್ಷಪಾತ ಅನ್ನಬಾರದಲ್ಲ. ಆ ದನಿಯನ್ನು, ತಗ್ಗಿನಲ್ಲಿ ಶುರುವಾಗಿ ಕೊನೆಗೆ ಚಾಟಿಯಂತೆ ಮೇಲೇಳುವ ಆ "ಬಾಯ್ ತೆಗೀಯೋ ಮೈಗಳ್ಳ" ಎಂಬುದನ್ನು, ಗೌರೀಶಂಕರ ಹನ್ನೆರಡನೆಯ ವಯಸ್ಸಿಗೇ ಕದ್ದಿದ್ದ. ಕಾಲೇಜಿನಲ್ಲಿ ಅದಕ್ಕೆ ಬಹುಮಾನ ಬಂತು. ಕಾರ್ಖಾನೆಯ ರಾಜ್ಯೋತ್ಸವದಲ್ಲಿ ಪ್ರತಿವರ್ಷ "ಗೌರಿ, ನಿಮ್ಮಪ್ಪನ್ನ ಮಾಡು ಗುರೂ" ಎಂದು ಕೂಗು ಏಳುತ್ತಿತ್ತು. ಎರಡು ವರ್ಷದ ಹಿಂದೆ ಅಪ್ಪನಿಗೆ ಲಕ್ವ ಹೊಡೆದು ಎಡಗೈ ಎಡಗಾಲು ಬಿದ್ದವು. ಎಂಟು ತಿಂಗಳ ಹಿಂದೆ ಎರಡನೆಯ ಸಲ ಹೊಡೆದಾಗ ಮಾತೂ ಹೋಯಿತು. ಆಮೇಲೆ ಆ ದನಿ ಈ ಲೋಕದಲ್ಲಿ ಉಳಿದಿದ್ದು ಮಗನ ಗಂಟಲಲ್ಲಿ ಮಾತ್ರ. ಅದೇ ಹೊತ್ತಿಗೆ ಅಪ್ಪ ಊಟದ ಮುಂದೆ ಹಲ್ಲು ಕಚ್ಚಿಕೊಳ್ಳಲು ಶುರುಮಾಡಿದರು. ಮೊದಲ ವಾರ ಗೌರೀಶಂಕರ ಬೇಡಿಕೊಂಡ. ಎರಡನೆಯ ವಾರ ಗದರಿದ. ಒಂದು ಭಾನುವಾರ, ಅವನಿಗೇ ಅರಿವಾಗುವ ಮುಂಚೆ, "ಬಾಯ್ ತೆಗೀಯೋ ಮೈಗಳ್ಳ" ಎಂಬುದು ಅಪ್ಪನ ದನಿಯಲ್ಲೇ ಹೊರಬಂದು ಅಪ್ಪನ ಮುಖಕ್ಕೆ ಬಡಿಯಿತು. ಮುದುಕರ ಕಣ್ಣು ಅಗಲವಾದದ್ದು ಕಂಡು ಅವನ ಹೊಟ್ಟೆಯೊಳಗೆ ಏನೋ ಬೆಚ್ಚಗೆ ಹರಿಯಿತು. ದನಿಯ ಹಿಂದೆಯೇ ಕೈ ಹೋಯಿತು. ಕೆನ್ನೆಗೆ. ಮತ್ತೆ ಕೆನ್ನೆಗೆ. "ಅನ್ನು, ಶರಣು ಅನ್ನು." ಅನ್ನಲು ಬಾಯಿಲ್ಲದವರ ಒಂದು ಏಟೂ ಎಣಿಕೆಗೆ ಸೇರಲಿಲ್ಲ. ಅಡುಗೆಮನೆಯಲ್ಲಿದ್ದ ಹೆಂಡತಿ ಜಯಶೀಲಾ ಮಿಕ್ಸಿ ಹಾಕಿದಳು. ಒಳಗೆ ಏನೂ ಇಲ್ಲದ ಮಿಕ್ಸಿ ಬೇರೆಯದೇ ಸದ್ದು ಮಾಡುತ್ತದೆ. ಅಂದಿನಿಂದ ದಿನಾ ಬೆಳಿಗ್ಗೆ ಅವಳು ಸ್ಕೂಲಿಗೆ ಹೊರಡುವ ಮುಂಚೆ ಐದು ನಿಮಿಷ ಗಾಳಿ ರುಬ್ಬುತ್ತಿದ್ದಳು.

"ಫಸ್ಟ್ ಕ್ಲಾಸ್ ಮೇಂಟೆನೆನ್ಸ್ ಸಾರ್, ಹ್ಞುಂ" ಎಂದು ಡಾಕ್ಟರು ಮೆಟ್ಟಿಲು ಹತ್ತಿಸುತ್ತಿದ್ದರು. ಇನ್‌ಸ್ಪೆಕ್ಷನ್ನಿನ ದಿನವನ್ನು ಕಾರ್ಖಾನೆ ಕಾಗದ ಬರೆದು ತಿಳಿಸಿತ್ತು. ಆದ್ದರಿಂದ ಗೋಡೆಗೆ ಹೊಸ ಸುಣ್ಣ, ಹಾಸಿಗೆಗೆ ಹೊಸ ಷೀಟು, ಅಂಗಡಿಯ ಮಡಿಕೆಯ ಗೆರೆ ಇನ್ನೂ ಹೋಗದ ಷೀಟುಗಳ ಮೇಲೆ ಮಿಸುಕಾಡದೆ ಮಲಗಿದ್ದ ಮುದುಕರು. ಪ್ರಶ್ನೆ ಏಳು, ಗಾಳಿ ಬೆಳಕು: ಇದೆ. ಪ್ರಶ್ನೆ ಒಂಬತ್ತು, ರೋಗಿಗಳ ಉಗುರು: ಕತ್ತರಿಸಿದೆ. ಅಪ್ಪನ ಉಗುರು ನೋಡಿ ಎಷ್ಟು ದಿನವಾಯಿತು? ಕೆಳಗಿನಿಂದ ಯಾರೋ ಕರೆದಾಗ ಡಾಕ್ಟರು "ಒಂದ್ನಿಮಿಷ ಸಾರ್, ಫೋನು" ಎಂದು ಇಳಿದುಹೋದರು. ಗೌರೀಶಂಕರ ಒಬ್ಬನೇ ಕಾರಿಡಾರಿನಲ್ಲಿ ನಿಂತ. ಇಲ್ಲಿ ಅಪ್ಪನನ್ನು ಯಾವ ಮಂಚದಲ್ಲಿ ಮಲಗಿಸುತ್ತಾರೆ, ಕಿಟಕಿಯ ಪಕ್ಕವೇ ಇರಲಿ, ಕಿಟಕಿಯ ಪಕ್ಕ ಅಂತ ಕೇಳಿ ಹಾಕಿಸಬೇಕು ಎಂದು ಯೋಚಿಸುವಾಗ ಮಗನಾಗಿ ಎಷ್ಟು ಒಳ್ಳೆಯವನು ತಾನು ಎನ್ನಿಸಿ ಕಣ್ಣು ತೇವವಾಗಿ, ಆ ತೇವಕ್ಕೇ ನಾಚಿಕೆಯಾಯಿತು. ಆಗ ಕೊನೆಯ ಕೋಣೆಯಿಂದ ಆ ಸದ್ದು ಬಂತು. ಬೇರೆ ಯಾರಿಗಾದರೂ ಅದು ಬಟ್ಟೆ ಒಗೆಯುವ ಸದ್ದಾಗಿ ಕೇಳಿಸಬಹುದಿತ್ತು. ಅಗಲವಾದ ಕೈ, ಒಳಗೆ ಹಲ್ಲು ಕಚ್ಚಿಕೊಂಡ ಕೆನ್ನೆ. ಇಂಥ ಕೆನ್ನೆ ಟೊಳ್ಳಾಗಿ ಸದ್ದು ಮಾಡುವುದಿಲ್ಲ, ಹಲಗೆಯಂತೆ ಮಾಡುತ್ತದೆ. ಅವನಿಗೆ ಗೊತ್ತು.

ಬಾಗಿಲು ತಳ್ಳಿದಾಗ ಮಂಚದ ಮೇಲೆ ಎಪ್ಪತ್ತು ದಾಟಿದ ಒಬ್ಬ ಯಜಮಾನರು ಕೂತಿದ್ದರು. ತಲೆಯ ಕಡೆ ನೇತುಹಾಕಿದ್ದ ರಟ್ಟಿನಲ್ಲಿ ಜಯದೇವಪ್ಪ, ದಾವಣಗೆರೆ, ಜವಳಿ ವರ್ತಕರು, ಎಡಪಾರ್ಶ್ವ ಲಕ್ವ, ಮಾತಿಲ್ಲ ಎಂದಿತ್ತು. ಹಣೆಯಲ್ಲಿ ವಿಭೂತಿ, ಗದ್ದದ ಮೇಲೆ ಗಂಜಿ, ಎಡಗೆನ್ನೆಯ ಮೇಲೆ ನಾಲ್ಕು ಬೆರಳಿನ ಗುರುತು. ಪಕ್ಕದಲ್ಲಿ ನಲವತ್ತೈದರ ಆಸುಪಾಸಿನ ಆಯಾ, ದಪ್ಪ ತೋಳಿನವಳು, ಕಚ್ಚಿಸಿಕೊಂಡ ಬೆರಳನ್ನು ಒದರುತ್ತ, "ಕಚ್ತೀರಾ? ಇನ್ನೊಂದ್ಸಲ ಕಚ್ಚಿ ನೋಡಿ. ನಾಯೀನೂ ಅನ್ನ ಹಾಕೋ ಕೈನ ಕಚ್ಚಲ್ಲ ಕಣ್ ಯಜಮಾನ್ರೇ" ಎನ್ನುತ್ತಿದ್ದಳು. ಮುದುಕರು ಬಾಯಿ ಬಿಗಿದುಕೊಂಡು ಅವಳನ್ನೇ ನೋಡುತ್ತಿದ್ದರು. ಆ ನೋಟವನ್ನು ಗೌರೀಶಂಕರ ದಿನಾ ಬೆಳಿಗ್ಗೆ ಎಂಟು ಗಂಟೆಗೆ ನೋಡುತ್ತಿದ್ದ. ಮುಂದಿನದನ್ನು ಅವನು ಆಲೋಚಿಸಲಿಲ್ಲ. ಹೋಗಿ ಅವಳ ಮುಖಕ್ಕೆ ಹೊಡೆದ. ಹೆಂಗಸಿಗೆ ಹೊಡೆಯುವ ಹೊಡೆತವಲ್ಲ, ಮುಷ್ಟಿ ಕಟ್ಟಿ, ಮೂಗಿನ ಮೇಲೆ. "ವಯಸ್ಸಾದೋರ್ನ ಹೊಡೀತೀಯಾ? ಮನುಷ್ಯಳಾ ನೀನು?" ಎಂದು ಕೂಗಿದಾಗ ಆ ದನಿಯ ನ್ಯಾಯಕ್ಕೆ ಅವನ ಮೈ ರೋಮಾಂಚನಗೊಂಡಿತು. ಎಂಟು ತಿಂಗಳಲ್ಲಿ ಮೊದಲ ಸಲ ಅವನು ಸರಿಯಾದವರಿಗೆ ಹೊಡೆದಿದ್ದ. ಇನ್ನೊಂದು ಹೊಡೆಯಬೇಕೆನಿಸಿ ಕೈ ಮತ್ತೆ ಎದ್ದಿತು.

ಅವಳು ಕಿರುಚಲಿಲ್ಲ. ಎದ್ದ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದಳು. ದಿನಕ್ಕೆ ಹತ್ತು ಜನರನ್ನು ಎತ್ತಿ ಹೊರಳಿಸುವ ಹಿಡಿತ ಅದು, ಅವನಿಗೆ ತನ್ನ ಮೂಳೆಯ ಸದ್ದು ಕೇಳಿಸಿತು. ಅವಳ ಮೂಗಿನಿಂದ ರಕ್ತ ಇಳಿದು ತುಟಿಯ ಮೇಲೆ ನಿಂತಿತ್ತು. "ಇರಿ ಸಾರ್" ಎಂದಳು. "ಆ ಯಪ್ಪ ಬೆಳಿಗ್ಗೆಯಿಂದ ಹಸಿದವ್ರೆ. ಊಟ ಮುಗೀಲಿ. ಆಮೇಲೆ ಹೊಡೀರಂತೆ." ಸೆರಗಿನಿಂದ ಮೂಗು ಒರೆಸಿಕೊಂಡು, ಕೈಬಿಟ್ಟು, ಗಂಜಿಯ ಬಟ್ಟಲು ಪಕ್ಕಕ್ಕಿಟ್ಟು, ಬಕೆಟ್ಟಿನ ನೀರಿನಲ್ಲಿ ಕೈ ತೊಳೆದಳು. "ತಪ್ಪು ನಂದೇ. ಇನ್‌ಸ್ಪೆಕ್ಷನ್ನು, ಬೇಗ ಬೇಗ ತಿನ್ಸಿ ಮುಗ್ಸು ಗೋವಿಂದಮ್ಮ ಅಂದ್ರು. ಪೂಜೆ ಬಿಟ್ಟು ತಿನ್ಸೋಕ್ ಹೋದೆ. ಕಚ್ದೆ ಇನ್ನೇನ್ ಮಾಡ್ತಾರೆ?" ಮುದುಕರು ಕೊರಳಲ್ಲಿದ್ದ ಶಿವದಾರದ ಬೆಳ್ಳಿಯ ಕರಡಿಗೆಯನ್ನು ತಾವೇ ಬಲಗೈಯಿಂದ ಬಿಚ್ಚಿ ಇಷ್ಟಲಿಂಗವನ್ನು ತೆಗೆದರು. ಗೋವಿಂದಮ್ಮ ಅವರ ಬಿದ್ದ ಎಡಗೈಯನ್ನು ಎತ್ತಿ, ಒದ್ದೆ ಬಟ್ಟೆಯಂತೆ ಜೋತ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕೆಳಗೆ ತನ್ನ ಅಂಗೈಯನ್ನು ಆಸರೆಯಾಗಿ ಕೊಟ್ಟು ಎದೆಯ ಮಟ್ಟಕ್ಕೆ ಹಿಡಿದಳು. ಲಿಂಗ ಆ ಎಡ ಅಂಗೈಯ ಮೇಲೆ ಕೂತಿತು. ಮುದುಕರು ಬಲಗೈಯಿಂದ ನೀರು ಬಿಟ್ಟರು, ವಿಭೂತಿ ಇಟ್ಟರು, ದಿಟ್ಟಿಸಿದರು. ಎರಡು ನಿಮಿಷ. ನೀರು ಸತ್ತ ಬೆರಳುಗಳ ಸಂದಿಯಿಂದ ಇಳಿದು ಅವಳ ಬದುಕಿದ ಬೆರಳುಗಳ ಸಂದಿಯಿಂದ ತೊಟ್ಟಿಕ್ಕಿತು. ಆಮೇಲೆ ಅವರು ಲಿಂಗವನ್ನು ಕಟ್ಟಿಕೊಂಡು, ಮಗುವಿನ ಹಾಗೆ, ದೊಡ್ಡದಾಗಿ ಬಾಯಿ ತೆರೆದರು.

"ನಿಮಗೆ ಯಾರು ಹೇಳಿಕೊಟ್ರು?" ಗೌರೀಶಂಕರ ಕೇಳಿದ. ಅದು ಅವನ ದನಿಯಂತಿರಲಿಲ್ಲ, ಬೇರೆ ಯಾರದಂತೆಯೂ ಇರಲಿಲ್ಲ. "ಯಾರೂ ಇಲ್ಲ. ನಮ್ಮ ಜನದಲ್ಲಿ ಇದೆಲ್ಲ ಇಲ್ಲ. ಬಂದ ಹೊಸದ್ರಲ್ಲಿ ನಾನೂ ನೆಟ್ಟಗಿರೋ ಬಲಗೈಲೇ ಇಟ್ಟೆ. ಬಿಸಾಕಿಬಿಟ್ರು. ಆಮೇಲೆ ಈ ಕೈಲಿ ಆ ಕೈನ ಎತ್ತೆತ್ತಿ ತೋರ್ಸೋರು. ಮೂರು ದಿವ್ಸ ನೋಡ್ದೆ. ನೋಡಿದ್ರೆ ಗೊತ್ತಾಗಲ್ವಾ ಸಾರ್?" ಗೌರೀಶಂಕರನಿಗೆ ಗೊತ್ತಿತ್ತು. ಅವಳಿಗೆ ಮೂರು ದಿನ ಬೇಕಾದದ್ದು ಅವನಿಗೆ ಹುಟ್ಟಿನಿಂದ ಗೊತ್ತಿತ್ತು. ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಬಲಗೈಯಿಂದ ಪೂಜೆ ಮಾಡುತ್ತಾರೆ, ಪೂಜೆಯಿಲ್ಲದೆ ಅಪ್ಪ ಒಂದು ತೊಟ್ಟು ನೀರನ್ನೂ ಕುಡಿದವರಲ್ಲ. ಮೊದಲ ಸಲ ಕೈ ಬಿದ್ದಾಗ ಸಣ್ಣ ಮಣೆಯ ಮೇಲೆ ಕೈ ಇಡಿ ಎಂದು ಅಪ್ಪನೇ ಬಾಯಿಬಿಟ್ಟು ಹೇಳಿ ಮಾಡಿಸಿಕೊಳ್ಳುತ್ತಿದ್ದರು, ಜಯಶೀಲಾ ಹಿಡಿಯುತ್ತಿದ್ದಳು. ಮಾತು ಹೋದ ಮೇಲೆ ಮಣೆ ಹಾಸಿಗೆಯಿಂದ ಜಾರುತ್ತದೆ, ಸ್ಕೂಲಿಗೆ ಹೊತ್ತಾಗುತ್ತದೆ ಎಂದು ಅವನೇ ಲಿಂಗವನ್ನು ಬಲಗೈಯಲ್ಲಿ ತುರುಕಿ, "ಶಿವ ಏನು ಕಮ್ಯುನಿಸ್ಟನಾ ಅಪ್ಪ, ಎಡಪಂಥಕ್ಕೇ ಅಂಟ್ಕೊಳ್ಳೋಕೆ?" ಎಂದಿದ್ದ. ಅಪ್ಪ ಬಿಸಾಡಿದ ಲಿಂಗ ಹಾರಿ ಬೀರುವಿನ ಕೆಳಗೆ ಹೋಯಿತು. ಹೆಕ್ಕಿ ಕರಡಿಗೆಯಲ್ಲಿ ಹಾಕಿ ಕರಡಿಗೆಯನ್ನು ಬೀರುವಿನೊಳಗೆ ಇಟ್ಟ. ಆಮೇಲೆ ಅಪ್ಪ ದಿನವೂ ಊಟದ ಮುಂದೆ ಬಲಗೈಯಿಂದ ಎಡಗೈಯನ್ನು ಎತ್ತಿ ಅವನತ್ತ ಚಾಚುತ್ತಿದ್ದರು. ಹೊಡೆಯಲು ಬರುತ್ತಾರೆ ಎಂದುಕೊಂಡ. ಹಾಗೆಂದುಕೊಂಡನೇ? ಅಂದುಕೊಂಡರೆ ಅನುಕೂಲ ಎಂದು ಅಂದುಕೊಂಡ. ಎರಡು ಕೈಯನ್ನೂ ಸೇರಿಸಿ ಮಂಚಕ್ಕೆ ಒತ್ತಿ ಹಿಡಿದು ಚಮಚ ತುರುಕಿದ. ಹಲ್ಲು ಹೋದದ್ದು ಹಾಗೆ.

ಡಾಕ್ಟರು ಬಾಗಿಲಲ್ಲಿ ನಿಂತಿದ್ದರು. ಗೋವಿಂದಮ್ಮನ ಸೆರಗಿನ ರಕ್ತ, ಜಯದೇವಪ್ಪನವರ ಕೆನ್ನೆಯ ಬೆರಳು, ಕಾರ್ಖಾನೆಯವರ ಇನ್ನೂ ಬಿಚ್ಚದ ಮುಷ್ಟಿ, ಮೂರನ್ನೂ ಕೂಡಿಸಿ ಅವರು ಒಂದು ಮೊತ್ತಕ್ಕೆ ಬಂದರು. "ಪೇಷೆಂಟಿಗೆ ಕೈ ಮಾಡಿದ್ಯೇನೇ? ಸಾಹೇಬ್ರ ಎದುರಿಗೆ?" "ಕಚ್ಚಿದ್ರು, ಹೊಡ್ದೆ" ಎಂದಳು ಗೋವಿಂದಮ್ಮ, ಮುಂದಿನ ಚಮಚ ಕೊಡುತ್ತ. "ಸಾಹೇಬ್ರ ಕಾಲಿಗೆ ಬೀಳು." ಅವಳು ಬಟ್ಟಲು ಕೆಳಗಿಟ್ಟು ಬಂದಳು. ಮೂಗಿನ ರಕ್ತ ಇನ್ನೂ ನಿಂತಿರಲಿಲ್ಲ, ಬಗ್ಗಿದಾಗ ಒಂದು ಹನಿ ಅವನ ಕಂದು ಬಣ್ಣದ ಚಪ್ಪಲಿಯ ಪಟ್ಟಿಯ ಮೇಲೆ ಬಿತ್ತು. ಹೊಡೆದವನು ನಾನು, ಇವರದೇನೂ ತಪ್ಪಿಲ್ಲ, ಇವರನ್ನು ಬಿಟ್ಟರೆ ಇಲ್ಲಿ ಯಾರಿಗೂ ಏನೂ ಗೊತ್ತಿಲ್ಲ ಎಂಬ ಮೂರು ವಾಕ್ಯ ಗೌರೀಶಂಕರನ ಬಾಯಲ್ಲಿ ಸಿದ್ಧವಾಗಿ ಕೂತಿದ್ದವು. ಯಾರ ದನಿಯಲ್ಲಿ ಹೇಳಬೇಕೆಂದು ಹೊಳೆಯಲಿಲ್ಲ. "ಇರ್ಲಿ, ಇರ್ಲಿ" ಎಂದ, ಕಾಲು ಹಿಂದಕ್ಕೆ ತೆಗೆದುಕೊಳ್ಳದೆ. "ಈವತ್ತೇ ಕಳಿಸ್ಬಿಡ್ತೀನಿ ಸಾರ್. ಹಳ್ಳಿಯವರು, ಟ್ರೈನಿಂಗ್ ಇಲ್ಲ. ನಾಳೆಯಿಂದ ಟ್ರೈನ್ಡ್ ನರ್ಸು, ಹ್ಞುಂ." ಕೆಳಗೆ ಬಂದು ಉಳಿದ ಪ್ರಶ್ನೆಗಳಿಗೆ ಉತ್ತರ ಬರೆದ. ಪ್ರಶ್ನೆ ಹತ್ತೊಂಬತ್ತು, ಸಿಬ್ಬಂದಿಯ ನಡವಳಿಕೆ: ಉತ್ತಮ. ಶಿಫಾರಸು ಮಾಡಲಾಗಿದೆ. ಸಹಿ. "ನಿಮ್ಮ ಫಾದರ್‌ನ ಯಾವಾಗ ಕರ್ಕೊಂಡ್ ಬರ್ತೀರಾ? ಕಿಟಕಿ ಪಕ್ಕದ್ದೇ ಕೊಡ್ತೀನಿ." ತಂದೆಯ ವಿಷಯ, ಕಿಟಕಿಯ ವಿಷಯ ತಾನು ಯಾವಾಗ ಹೇಳಿದೆ ಎಂದು ಅವನಿಗೆ ನೆನಪಾಗಲಿಲ್ಲ. "ಆ ಜಯದೇವಪ್ಪನವರಿಗೆ ಪೂಜೆ..." ಎಂದ. "ಹೊಸ ನರ್ಸಿಗೆ ಹೇಳೋಣ ಸಾರ್. ಒಂದು ಕೈ ಚೆನ್ನಾಗೇ ಇದ್ಯಲ್ಲ, ಅದ್ರಲ್ಲಿ ಇಟ್ರೆ ಆಯ್ತು."

ಅವನು ಓಡಿದ. ಮೂವತ್ತೊಂಬತ್ತರ ವಯಸ್ಸು, ಕಂಕುಳಲ್ಲಿ ಫೈಲು, ಶಾಪಿಂಗ್ ಕಾಂಪ್ಲೆಕ್ಸಿನ ಮುಂದೆ ಹೂವಿನವರು ತಿರುಗಿ ನೋಡುವ ಹಾಗೆ. ಸಾರಕ್ಕಿಯ ಬಸ್ಸು ನಿಲ್ಲುವಲ್ಲಿ ಗೋವಿಂದಮ್ಮ ಒಂದು ಪ್ಲಾಸ್ಟಿಕ್ ಬುಟ್ಟಿ ಹಿಡಿದು ನಿಂತಿದ್ದಳು. ಮೂಗು ಊದಿತ್ತು. ಅವನು ಹತ್ತಿರ ಬಂದದ್ದು ಕಂಡು ತಟ್ಟನೆ ಬುಟ್ಟಿಯನ್ನು ಮುಖಕ್ಕೆ ಅಡ್ಡ ಹಿಡಿದಳು. ಸಾಲಿನಲ್ಲಿದ್ದವರು ಇಬ್ಬರನ್ನೂ ನೋಡಿದರು. "ಹೊಡೆಯಲ್ಲ" ಎಂದ ಗೌರೀಶಂಕರ, ಏದುಸಿರಿನಲ್ಲಿ. ಕ್ಯೂನಲ್ಲಿ ನಿಂತು ಒಬ್ಬ ಹೆಂಗಸಿಗೆ ಹಾಗೆ ಹೇಳಬೇಕಾದ ಅವಮಾನ ಅವನ ಕಿವಿಗಳನ್ನು ಸುಟ್ಟಿತು. "ಮನೇಲಿ ನಮ್ಮ ತಂದೆ ಇದ್ದಾರೆ. ಅವರಿಗೂ ಎಡಗೈ ಬಿದ್ದಿದೆ. ಊಟ ಮಾಡ್ತಿಲ್ಲ. ನೀವು ಬಂದು..." ಅವಳು ಬುಟ್ಟಿ ಇಳಿಸಿದಳು. "ಎಷ್ಟು ದಿವ್ಸದಿಂದ?" "ಎಂಟು ತಿಂಗಳು." "ಎಂಟ್ ತಿಂಗಳು ಊಟ ಮಾಡ್ದೆ ಬದುಕವ್ರಾ? ಯಾರ್ ತಿನ್ಸೋರು?" ಬಸ್ಸು ಬಂದು ಜನ ಇಬ್ಬರ ನಡುವೆ ನುಗ್ಗಿದರು. "ಒಬ್ಬಳು ಆಯಾ ಇದ್ದಳು" ಎಂದ. "ಸರಿ ಇರಲಿಲ್ಲ. ಬಿಡಿಸಿಬಿಟ್ವಿ." ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಆ ಆಯಾಳ ಮುಖ, ಅವಳ ಕೂದಲು ಕಟ್ಟುವ ಬಗೆ, ಎಲ್ಲವೂ ಅವನಿಗೆ ಕಾಣಿಸಿದವು. ಗೋವಿಂದಮ್ಮ ಬಸ್ಸನ್ನು ಹತ್ತದೆ ಬಿಟ್ಟಳು. "ಬರ್ತೀನಿ. ಆದ್ರೆ ಒಂದು ಮಾತು ಸಾರ್, ಆಮೇಲೆ ಮುಖ ಗಂಟು ಹಾಕ್ಬಾರ್ದು. ನಾನೂ ಹೊಡೀತೀನಿ. ಕಚ್ಚಿದ್ರೆ, ಉಗಿದ್ರೆ, ಒಂದು ಬೀಳುತ್ತೆ. ಸುಳ್ಳು ಹೇಳಿ ಬರಲ್ಲ. ಹೊಡೆದ್ ಮೇಲೆ ತಿನ್ಸೂ ತಿನ್ಸ್ತೀನಿ."

ಬನಶಂಕರಿಯ ಮನೆಯ ಬಾಗಿಲನ್ನು ಜಯಶೀಲಾ ತೆರೆದಳು. ಆಗತಾನೇ ಸ್ಕೂಲಿನಿಂದ ಬಂದಿದ್ದವಳ ಬೆರಳಲ್ಲಿ ಸೀಮೆಸುಣ್ಣದ ಪುಡಿ ಇತ್ತು. "ಆಯಾ" ಎಂದ ಗೌರೀಶಂಕರ. ಜಯಶೀಲಾ ಆ ಊದಿದ ಮೂಗನ್ನು ನೋಡಿದಳು, ಗಂಡನನ್ನು ನೋಡಲಿಲ್ಲ. ಬೆಳಿಗ್ಗೆ ಹತ್ತರಿಂದ ಚಿಲಕ ಹಾಕಿದ್ದ ಹಿಂಬದಿಯ ಕೋಣೆಯ ಬಾಗಿಲು ತೆರೆದಾಗ ಉಚ್ಚೆಯ ವಾಸನೆ ಮೊದಲು ಹೊರಗೆ ಬಂತು. ಗೋವಿಂದಮ್ಮ ಮೂಗು ಮುಚ್ಚಿಕೊಳ್ಳಲಿಲ್ಲ. ಕಿಟಕಿ ತೆಗೆದಳು. ಏನೂ ಕೇಳದೆ ಮರುಳಸಿದ್ದಪ್ಪನವರನ್ನು ಪಕ್ಕಕ್ಕೆ ಹೊರಳಿಸಿ ಪಂಚೆ ಸರಿಸಿ ಬೆನ್ನು ನೋಡಿದಳು. ಸೊಂಟದ ಹತ್ತಿರ ಅಂಗೈಯಗಲದ ಹುಣ್ಣು ಹಸಿಯಾಗಿತ್ತು. ಉಗುರು ನೋಡಿದಳು. ತುಟಿಯನ್ನು ಎರಡು ಬೆರಳಿಂದ ಬಿಡಿಸಿ ಒಸಡು ನೋಡಿದಳು. ಎಡಗೆನ್ನೆಯ ಹಳದಿ ಕಲೆ, ಅದರ ಮೇಲಿನ ನೀಲಿ ಕಲೆ, ಕಿವಿಯ ಹಿಂದಿನ ಗೀರು, ಮಣಿಕಟ್ಟುಗಳ ಮೇಲೆ ಒತ್ತಿ ಹಿಡಿದ ಗುರುತು. ಅವಳ ಹತ್ತಿರ ಫಾರಂ ಇರಲಿಲ್ಲ, ಆದರೂ ಗೌರೀಶಂಕರ ಒಂದೊಂದಕ್ಕೂ ಉತ್ತರವನ್ನು ಒಳಗೇ ಬರೆಯುತ್ತ ಬಾಗಿಲ ಚೌಕಟ್ಟಿಗೆ ಒರಗಿ ನಿಂತ. "ಚೆನ್ನಾಗ್ ಹೊಡೆದವ್ಳೆ ನಿಮ್ಮ ಆಯಾ" ಎಂದಳು ಗೋವಿಂದಮ್ಮ, ತಿರುಗದೆ. "ಇದು ಸಿಟ್ಟಲ್ಲಿ ಒಂದ್ಸಲ ಹೊಡೆದಿದ್ದಲ್ಲ ಸಾರ್. ದಿನಾ ಕೂತ್ಕೊಂಡು ಹೊಡೆದಿದ್ದು." ಜಯಶೀಲಾ ಸೀಮೆಸುಣ್ಣದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು. ಗೋವಿಂದಮ್ಮ ಮುದುಕರನ್ನು ಎತ್ತಿ, ದಿಂಬಿಗೆ ಒರಗಿಸಿ ಕೂರಿಸಿ, ಕಿವಿಯ ಹತ್ತಿರ ಬಗ್ಗಿ ಕೇಳಿದಳು. "ಯಾರ್ ತಾತ ಹಿಂಗ್ ಮಾಡಿದ್ದು? ಈ ಕೈ ಆಡುತ್ತಲ್ಲ, ತೋರ್ಸಿ."

ತೋರಿಸಲಿ ಎಂದು ಗೌರೀಶಂಕರ ಕಾದ. ಆ ಬೆರಳು ತನ್ನ ಕಡೆ ಎದ್ದ ಕೂಡಲೇ ಏನಾಗಬೇಕೋ ಅದೆಲ್ಲ ಆಗಿಹೋಗುತ್ತದೆ, ಅವಳು ಹೊಡೆಯುತ್ತಾಳೆ, ತಾನು ಹೊಡೆಸಿಕೊಳ್ಳುತ್ತೇನೆ, ಆಮೇಲೆ ಒಂದು ತರಹದ ನಿದ್ದೆ ಬರುತ್ತದೆ. ಮರುಳಸಿದ್ದಪ್ಪನವರ ಬಲಗೈ ಎದ್ದಿತು. ಅವನತ್ತ ಬರಲಿಲ್ಲ. ಅವರು ಅವನನ್ನು ನೋಡಲೂ ಇಲ್ಲ, ಅವನು ಆ ಕೋಣೆಯಲ್ಲಿ ಇದ್ದಾನೆ ಎಂಬುದೇ ಅವರಿಗೆ ಮುಖ್ಯವಾಗಿರಲಿಲ್ಲ. ಆ ಕೈ ಮಡಿಲಲ್ಲಿ ಬಿದ್ದಿದ್ದ ಎಡಗೈಯನ್ನು ಹುಡುಕಿ, ಮಣಿಕಟ್ಟಿನಲ್ಲಿ ಹಿಡಿದು ಎತ್ತಿ, ಗೋವಿಂದಮ್ಮನ ಮುಂದೆ ಚಾಚಿತು.

"ಬೀರುವಿನಲ್ಲಿದೆ" ಎಂದು ಜಯಶೀಲಾ ಹೋಗಿ ಕರಡಿಗೆ ತಂದು ಮಾವನ ಬಲಗೈಯಲ್ಲಿಟ್ಟಳು. ಗೋವಿಂದಮ್ಮ ಬಿದ್ದ ಕೈಯ ಕೆಳಗೆ ತನ್ನ ಅಂಗೈಯನ್ನು ತಂದು ಕೊಟ್ಟಳು. "ಒಂದು ಲೋಟ ನೀರು" ಎಂದಳು. ಗೌರೀಶಂಕರ ಅಡುಗೆಮನೆಯ ಕಡೆ ತಿರುಗಿ ಎರಡು ಹೆಜ್ಜೆ ಇಟ್ಟ.

"ನೀವು ಬ್ಯಾಡ ಸಾರ್" ಎಂದಳು ಹಿಂದಿನಿಂದ. "ಅಕ್ಕಾವ್ರು ತರಲಿ."